ಚಿತ್ರ ಬರೆದ ಕೈ ಯಾವುದು?

ಮಳವಳ್ಳಿ ಕಡೆಯ ಒಂದು ಹಳ್ಳಿಯ ದೇವಾಲಯದಲ್ಲಿ ಸಂತ ಜೋಸೆಫರ ಹಳೆಯ ಪಟವೊಂದಿತ್ತು. ಬಟ್ಟೆಯ ಮೇಲೆ ಎಣ್ಣೆಬಣ್ಣದಲ್ಲಿ ಬರೆದದ್ದು. ಮೇಣದ ಬತ್ತಿಗಳ ಹೊಗೆಯಿಂದ ಕಪ್ಪಾಗಿ, ಸಂತರ ಕೈಯಲ್ಲಿದ್ದ ಲಿಲ್ಲಿ ಹೂವೂ ಕಾಣದಂತಾಗಿತ್ತು. ಹಬ್ಬಕ್ಕೆ ಮುನ್ನ ಊರ ಹಿರಿಯರು ಸೇರಿ, ಅಂಗಡಿಗಳ ನಾಮಫಲಕ ಬರೆಯುತ್ತಿದ್ದ ಒಬ್ಬ ಕುಶಲಿಯನ್ನು ಕರೆಸಿ, ಸಾಬೂನಿನ ನೀರಿನಿಂದ ತೊಳೆಸಿ, ಮೇಲೆ ಎನಾಮಲ್ ಬಣ್ಣ ಹಚ್ಚಿಸಿದರು. ಚೌಕಟ್ಟಿನ ಹಿಂಬದಿಯ ಹಲಗೆ ಹುಳು ಹಿಡಿದಿತ್ತೆಂದು ಅದನ್ನು ಒಲೆಗೆ ಹಾಕಿದರು. ಆ ಹಲಗೆಯ ಮೇಲೆ ಯಾವುದೋ ಪರದೇಶದ ಅಕ್ಷರಗಳಿದ್ದವೆಂದು ಅಲ್ಲಿಯ ಉಪದೇಶಿಗಳು ನಮಗೆ ಹೇಳಿದ್ದು ಹಬ್ಬ ಮುಗಿದ ಮೇಲೆ. ಸಭೆಯಲ್ಲಿ ತಲೆಯಾಡಿಸಿ ಒಪ್ಪಿಗೆ ಕೊಟ್ಟವರಲ್ಲಿ ನಾವೂ ಇದ್ದೆವು. ಆದುದರಿಂದ ಇತರರನ್ನು ದೂರುವ ಅಧಿಕಾರ ನಮಗಿಲ್ಲ.

ಅಂದಿನಿಂದ ಒಂದು ಪ್ರಶ್ನೆ ನಮ್ಮನ್ನು ಬಿಡದೆ ಕಾಡುತ್ತಿದೆ. ಒಂದು ಚಿತ್ರವನ್ನು ನಿಜವಾಗಿ ಬರೆದವರು ಯಾರೆಂದು ಕಂಡುಕೊಳ್ಳುವುದು ಹೇಗೆ? ಚಿತ್ರವನ್ನು ಕಾಪಾಡುವ ಕೆಲಸಕ್ಕೂ ಅದರ ಕರ್ತೃವನ್ನು ಹುಡುಕುವ ಕೆಲಸಕ್ಕೂ ಇರುವ ನಂಟೇನು? ಇದರ ಜಾಡು ಹಿಡಿಯಲು ನಾವು ದೂರ ಹೋಗಬೇಕಾಗಿರಲಿಲ್ಲ. ನಮ್ಮ ಜಿಲ್ಲೆಯ ಶ್ರೀರಂಗಪಟ್ಟಣದಲ್ಲಿಯೇ ಇಂಥ ಎರಡು ಕಥೆಗಳಿವೆ: ಒಂದು ಗೋಡೆಯ ಮೇಲಿನದು, ಇನ್ನೊಂದು ಪುಸ್ತಕದ್ದು.

ಗೋಡೆಯ ಕಥೆಯನ್ನು ಮೊದಲು ನೋಡೋಣ. ಮಂಡ್ಯ, ಮದ್ದೂರು, ಮಳವಳ್ಳಿಯ ಶಾಲಾಮಕ್ಕಳು ಪ್ರವಾಸ ಹೋಗಿ ನೋಡದಿರುವ ದರಿಯಾ ದೌಲತ್ ಇಲ್ಲ. 1784ರಲ್ಲಿ ಟಿಪ್ಪು ಸುಲ್ತಾನನು ಮುಗಿಸಿದ ಬೇಸಿಗೆ ಅರಮನೆಯದು. ಬಿಸಿಲು ತಾಗದಿರಲೆಂದು ಸುತ್ತ ಹಸಿರು ಪರದೆಗಳನ್ನು ಇಳಿಬಿಟ್ಟಿದ್ದಾರೆ. ಕರಾವಳಿಯ ಕ್ರೈಸ್ತರನ್ನು ಸೆರೆಹಿಡಿದು ಇದೇ ಶ್ರೀರಂಗಪಟ್ಟಣಕ್ಕೆ ನಡೆಸಿಕೊಂಡು ಬಂದದ್ದೂ 1784ರಲ್ಲಿಯೇ ಎಂಬುದನ್ನು ನಮ್ಮ ಓದುಗರು ಮರೆತಿರಲಾರರು. ಅರಮನೆಯ ಪಶ್ಚಿಮದ ಗೋಡೆಯ ಮೇಲೆ, 1780ರ ಸೆಪ್ಟೆಂಬರ್ 10ರಂದು ಪೊಲ್ಲಿಲೂರಿನಲ್ಲಿ ಹೈದರ್ ಮತ್ತು ಟಿಪ್ಪು ಆಂಗ್ಲರ ಕರ್ನಲ್ ಬೇಯ್ಲಿಯ ಪಡೆಯನ್ನು ಸೋಲಿಸಿದ ಯುದ್ಧದ ಚಿತ್ರವಿದೆ. ಚೌಕಾಕಾರದಲ್ಲಿ ನಿಂತ ಕೆಂಪಂಗಿಯ ಸಿಪಾಯಿಗಳು, ಅವರ ನಡುವೆ ಸಿಡಿಯುತ್ತಿರುವ ಮದ್ದಿನ ಬಂಡಿ, ಪಲ್ಲಕ್ಕಿಯಲ್ಲಿ ಕುಳಿತ ಗಾಯಾಳು ಬೇಯ್ಲಿ, ಇವೆಲ್ಲವನ್ನೂ ಮಾರ್ಗದರ್ಶಿಗಳು ಕೋಲಿನ ತುದಿಯಿಂದ ತೋರಿಸುತ್ತಾರೆ.

ಆದರೆ ಅವರು ಕೋಲಿನಿಂದ ತೋರಿಸುವ ಬಣ್ಣ ಯಾರದು? ಹಳೆಯ ಮೈಸೂರು ಗೆಜೆಟಿಯರಿನ ಪ್ರಕಾರ, 1799ರ ಮುತ್ತಿಗೆಗೆ ಮುಂಚೆಯೇ ಈ ಚಿತ್ರಗಳನ್ನು ಅಳಿಸಲಾಗಿತ್ತು. ಶ್ರೀರಂಗಪಟ್ಟಣ ಬಿದ್ದ ಮೇಲೆ ಈ ಅರಮನೆಯಲ್ಲಿ ವಾಸವಾಗಿದ್ದ ಕರ್ನಲ್ ಆರ್ಥರ್ ವೆಲ್ಲೆಸ್ಲಿ, ಅಂದರೆ ಮುಂದೆ ವೆಲ್ಲಿಂಗ್ಟನ್ ಡ್ಯೂಕ್ ಎಂದು ಹೆಸರಾದವನು, ಅವನ್ನು ಮತ್ತೆ ಬರೆಸಿದ. ಅನಂತರ ಮತ್ತೊಮ್ಮೆ ಸುಣ್ಣ ಬಿದ್ದು ಚಿತ್ರ ಬಹುಪಾಲು ಮರೆಯಾಯಿತು. 1855ರಲ್ಲಿ ಮೈಸೂರು ಸೀಮೆಯ ಪ್ರವಾಸಕ್ಕೆ ಬಂದ ಗವರ್ನರ್ ಜನರಲ್ ಲಾರ್ಡ್ ಡಾಲ್‌ಹೌಸಿ ಅದನ್ನು ಪುನಃ ಬರೆಸುವಂತೆ ಆಜ್ಞೆ ಮಾಡಿದ. ಆ ಕೆಲಸ ಮಾಡಿದವನು ಮೂಲಚಿತ್ರವನ್ನು ನೆನಪಿನಲ್ಲಿಟ್ಟುಕೊಂಡಿದ್ದ ಒಬ್ಬ ದೇಶೀಯ ಚಿತ್ರಗಾರ. ಅವನ ಹೆಸರನ್ನು ಯಾರೂ ದಾಖಲಿಸಲಿಲ್ಲ. ಆಜ್ಞೆ ಮಾಡಿದವರ ಹೆಸರು ಕಲ್ಲಿನಲ್ಲಿ ಉಳಿಯುತ್ತದೆ, ಕುಂಚ ಹಿಡಿದವನ ಹೆಸರು ಉಳಿಯುವುದಿಲ್ಲ. ನಮ್ಮ ನಾಡಿನಲ್ಲಿ ಇದು ಹೊಸದೇನಲ್ಲ.

ಹೀಗೆ ಒಂದೇ ಗೋಡೆಯ ಮೇಲೆ ಕಡಿಮೆಯೆಂದರೂ ಮೂರು ಕಾಲದ ಕೈಗಳಿವೆ. ಕುದುರೆಯ ಕಾಲೊಂದು ಟಿಪ್ಪುವಿನ ಆಸ್ಥಾನದ ಚಿತ್ರಗಾರನದಾಗಿದ್ದು, ಅದರ ಮೇಲಿನ ಸವಾರನ ಮೀಸೆ 1855ರದ್ದಾಗಿರಬಹುದು. ಇವನ್ನು ಬೇರ್ಪಡಿಸಿ ಹೇಳಲು ಬರಿಗಣ್ಣು ಸಾಲದು. ಇಲ್ಲಿಯೇ ಸಂರಕ್ಷಣಾಶಾಸ್ತ್ರ ನೆರವಿಗೆ ಬರುವುದು.

ಚಿತ್ರಗಳ ವೈದ್ಯರೆಂದೇ ಕರೆಯಬಹುದಾದ ಈ ಸಂರಕ್ಷಕರು ಮೊದಲು ಮಾಡುವುದು ಮುಟ್ಟದೆ ನೋಡುವ ಕೆಲಸ. ದೀಪವನ್ನು ಪಕ್ಕದಿಂದ ಓರೆಯಾಗಿ ಹಿಡಿದರೆ ಬಣ್ಣದ ಉಬ್ಬುತಗ್ಗುಗಳು, ಎದ್ದ ಹಕ್ಕಳೆಗಳು ಕಾಣುತ್ತವೆ. ನೇರಳಾತೀತ ಕಿರಣದಲ್ಲಿ ಹಳೆಯ ವಾರ್ನಿಷ್ ಹಸಿರು ಮಿಶ್ರಿತವಾಗಿ ಹೊಳೆಯುತ್ತದೆ. ಅದರ ಮೇಲೆ ಈಚೆಗೆ ಹಚ್ಚಿದ ತೇಪೆಗಳು ಕಪ್ಪು ಕಲೆಗಳಂತೆ ತೋರುತ್ತವೆ. ಅವಕೆಂಪು ಕಿರಣ ಮೇಲಿನ ಬಣ್ಣವನ್ನು ದಾಟಿ, ಇದ್ದಲಿನಿಂದ ಮೊದಲು ಗೀಚಿದ ರೇಖೆಯನ್ನು ತೋರಿಸುತ್ತದೆ. ಮುರಿದ ಮೂಳೆಗೆ ಹಿಡಿಯುವ ಅದೇ ಎಕ್ಸ್‌ರೇ, ಸೀಸದ ಬಿಳಿ ಬಣ್ಣ ಎಲ್ಲೆಲ್ಲಿದೆಯೆಂದು ತಿಳಿಸುತ್ತದೆ. ಕೊನೆಗೆ, ಸಾಸಿವೆಗಿಂತ ಚಿಕ್ಕ ಬಣ್ಣದ ಚೂರೊಂದನ್ನು ತೆಗೆದು ಸೂಕ್ಷ್ಮದರ್ಶಕದ ಕೆಳಗೆ ಅಡ್ಡ ಕೊಯ್ದು ನೋಡಿದರೆ ಗಾರೆ, ಬಣ್ಣ, ಸುಣ್ಣ, ಮತ್ತೆ ಬಣ್ಣ ಎಂದು ಪದರಗಳು ಒಂದರ ಮೇಲೊಂದು ಕುಳಿತಿರುವುದು ಕಾಣುತ್ತದೆ. ಬಣ್ಣಗಳಿಗೂ ಹುಟ್ಟಿದ ವರ್ಷವಿದೆ. ಕೃತಕ ಅಲ್ಟ್ರಾಮರೀನ್ ನೀಲಿಯನ್ನು ಯುರೋಪಿನಲ್ಲಿ ತಯಾರಿಸಲು ಕಲಿತದ್ದು 1820ರ ದಶಕದಲ್ಲಿ. ಟೈಟಾನಿಯಂ ಬಿಳಿ ಬಳಕೆಗೆ ಬಂದದ್ದು 20ನೇ ಶತಮಾನದಲ್ಲಿ. ಆದುದರಿಂದ ದರಿಯಾ ದೌಲತ್ತಿನಂಥ ಗೋಡೆಯಲ್ಲಿ ಎಲ್ಲಿಯಾದರೂ ಆ ಕೃತಕ ನೀಲಿ ಸಿಕ್ಕಿದರೆ, ಆ ಭಾಗ 1784ರ ಕೈಯದಲ್ಲ ಎಂದು ಧೈರ್ಯವಾಗಿ ಹೇಳಬಹುದು.

ಗೋಡೆಗೆ ಒಬ್ಬ ಸಾಕ್ಷಿಯೂ ಇದ್ದಾನೆ, ದೂರದ ದೇಶದಲ್ಲಿ. ಇದೇ ಪೊಲ್ಲಿಲೂರು ಯುದ್ಧವನ್ನು ಕಾಗದದ ಹಾಳೆಗಳ ಮೇಲೆ ಬರೆದ, ಸುಮಾರು 10 ಮೀಟರು ಉದ್ದದ ಚಿತ್ರವೊಂದನ್ನು 19ನೇ ಶತಮಾನದ ಆರಂಭದಲ್ಲಿ ಆಂಗ್ಲ ಸೇನಾಧಿಕಾರಿಯೊಬ್ಬ ಕೊಂಡೊಯ್ದಿದ್ದ. ಅದು 2022ರ ಮಾರ್ಚ್ ತಿಂಗಳಲ್ಲಿ ಲಂಡನ್ನಿನ ಸೋದಬಿ ಹರಾಜಿನಲ್ಲಿ 6,30,000 ಪೌಂಡುಗಳಿಗೆ ಮಾರಾಟವಾಯಿತು. ಅದು ಗೋಡೆಯ ಚಿತ್ರಕ್ಕೆ ಮುನ್ನ ಬರೆದ ಕರಡೋ, ಗೋಡೆಯನ್ನು ನೋಡಿ ಮಾಡಿದ ನಕಲೋ ಎಂಬುದು ವಿದ್ವಾಂಸರ ಚರ್ಚೆಯ ವಿಷಯ. ಹೇಗಿದ್ದರೂ 1855ರ ಕುಂಚ ಅದನ್ನು ಮುಟ್ಟಿಲ್ಲ. ಗೋಡೆಯನ್ನೂ ಕಾಗದವನ್ನೂ ಅಕ್ಕಪಕ್ಕ ಇಟ್ಟು ಹೋಲಿಸಿದರೆ, ನೆನಪಿನಿಂದ ಬರೆದ ಆ ಅನಾಮಿಕ ಚಿತ್ರಗಾರ ಎಷ್ಟು ಪ್ರಾಮಾಣಿಕನಾಗಿದ್ದನೆಂದು ಅಳೆಯಲು ಸಾಧ್ಯ. ಅಳತೆ ಏನೇ ಬರಲಿ, ಅವನಿಲ್ಲದಿದ್ದರೆ ಇಂದು ಮಕ್ಕಳಿಗೆ ತೋರಿಸಲು ಬಿಳಿ ಗೋಡೆಯಷ್ಟೇ ಇರುತ್ತಿತ್ತು ಎಂಬುದನ್ನು ಮರೆಯಬಾರದು.

ಪ್ರಯೋಗಶಾಲೆಯ ಕಿರಣವೂ ಹಳೆಯ ಲೆಕ್ಕದ ಪುಸ್ತಕವೂ ಕೈಜೋಡಿಸಿದರೆ ಏನಾಗಬಹುದೆಂಬುದಕ್ಕೆ ಐರ್ಲೆಂಡಿನ ಡಬ್ಲಿನ್ ನಗರದ ಯೇಸುಸಭೆಯ ಗುರುಗಳ ಮನೆಯಲ್ಲಿ ನಡೆದದ್ದಕ್ಕಿಂತ ಒಳ್ಳೆಯ ನಿದರ್ಶನ ನಮಗೆ ತಿಳಿದಿಲ್ಲ. ಕ್ರೈಸ್ತ ಕುಟುಂಬಗಳು ಇದನ್ನು ಸ್ವಲ್ಪ ವಿವರವಾಗಿಯೇ ಅರಿಯುವುದು ಒಳ್ಳೆಯದು.

ಆ ಮನೆಯ ಊಟದ ಕೋಣೆಯಲ್ಲಿ ಒಂದು ದೊಡ್ಡ ಚಿತ್ರ ತೂಗುಹಾಕಿತ್ತು. ಗೆತ್ಸೆಮನೆ ತೋಪಿನಲ್ಲಿ ಯೂದನು ಯೇಸುಸ್ವಾಮಿಗೆ ಮುದ್ದಿಟ್ಟು ಹಿಡಿದುಕೊಡುತ್ತಿರುವ ದೃಶ್ಯ. ಉಕ್ಕಿನ ಕವಚ ತೊಟ್ಟ ಸೈನಿಕನ ಕೈ ಸ್ವಾಮಿಯ ಕತ್ತಿನ ಕಡೆಗೆ ಚಾಚಿದೆ. ಸ್ವಾಮಿಯ ಕೈಗಳು ಬೆರಳು ಹೆಣೆದುಕೊಂಡು ಕೆಳಗೆ ನಿಂತಿವೆ. ಹಿಂದೆ ಶಿಷ್ಯನೊಬ್ಬ ಕೂಗುತ್ತ ಓಡುತ್ತಿದ್ದಾನೆ. ಬಲಗಡೆ ಒಬ್ಬ ಲಾಂದ್ರ ಎತ್ತಿ ಹಿಡಿದು ಇಣುಕುತ್ತಿದ್ದಾನೆ. ಚೌಕಟ್ಟಿನ ಮೇಲಿದ್ದ ಹೆಸರು ಹೊಂಟ್‌ಹೋರ್ಸ್ಟ್ ಎಂಬ ಡಚ್ ಚಿತ್ರಗಾರನದು. ಗುರುಗಳು ಪ್ರತಿದಿನ ಅದರ ಕೆಳಗೆ ಕುಳಿತು ಊಟ ಮಾಡುತ್ತಿದ್ದರು.

ಈ ಚಿತ್ರವನ್ನು ಅವರಿಗೆ 1930ರ ದಶಕದಲ್ಲಿ ಕಾಣಿಕೆಯಾಗಿ ಕೊಟ್ಟವರು ಮೇರಿ ಲೀ-ವಿಲ್ಸನ್ ಎಂಬ ಮಕ್ಕಳ ವೈದ್ಯೆ. ಅವರ ಪತಿ ಪೊಲೀಸ್ ಅಧಿಕಾರಿ. 1916ರ ಐರಿಷ್ ದಂಗೆಯಲ್ಲಿ ಸೆರೆಸಿಕ್ಕವರನ್ನು ಅವಮಾನಿಸಿದನೆಂಬ ಸೇಡಿನಿಂದ ಬಂಡುಗಾರರು 1920ರಲ್ಲಿ ಆತನನ್ನು ಬೀದಿಯಲ್ಲಿ ಗುಂಡಿಟ್ಟು ಕೊಂದರು. ಆ ದುಃಖದಲ್ಲಿ ತಮಗೆ ಆಸರೆಯಾದ ಯೇಸುಸಭೆಯವರಿಗೆ ವಿಧವೆ ಸಲ್ಲಿಸಿದ ಕೃತಜ್ಞತೆ ಆ ಚಿತ್ರ. ಕೊಟ್ಟವರಿಗೂ ಪಡೆದವರಿಗೂ ಅದರ ಕರ್ತೃ ಯಾರೆಂದು ತಿಳಿದಿರಲಿಲ್ಲ.

1990ರಲ್ಲಿ ಮನೆಯ ಚಿತ್ರಗಳನ್ನು ಶುಚಿಗೊಳಿಸುವ ಯೋಚನೆಯಿಂದ ಗುರುಗಳು ಐರ್ಲೆಂಡಿನ ರಾಷ್ಟ್ರೀಯ ಚಿತ್ರಶಾಲೆಯ ಸಂರಕ್ಷಕ ಸೆರ್ಜಿಯೊ ಬೆನೆದೆತ್ತಿಯವರನ್ನು ಕರೆದರು. ಇಟಲಿಯವರಾದ ಬೆನೆದೆತ್ತಿ ಆ ಧೂಳು ಮತ್ತು ಹಳದಿ ವಾರ್ನಿಷಿನ ಕೆಳಗೆ ತಾವು ಕಾಣುತ್ತಿರುವುದು ಏನಿರಬಹುದೆಂದು ಊಹಿಸಿದರು. ಊಹೆಯನ್ನು ಬಾಯಿಬಿಟ್ಟು ಹೇಳಲಿಲ್ಲ. ಚಿತ್ರವನ್ನು ಚಿತ್ರಶಾಲೆಗೆ ಒಯ್ದು, ವಾರ್ನಿಷನ್ನು ಅಂಗುಲ ಅಂಗುಲವಾಗಿ ತೆಗೆಯುತ್ತ, ಕಿರಣಗಳಲ್ಲಿ ಪರೀಕ್ಷಿಸುತ್ತ ಹೋದರು. ಯೂದನ ಕಿವಿಯನ್ನು ಮೊದಲು ಒಂದೆಡೆ ಬರೆದು ಆಮೇಲೆ ಸರಿಸಿದ್ದು, ಸೈನಿಕನ ನಡುಪಟ್ಟಿಯನ್ನು ತಿದ್ದಿದ್ದು ಕಂಡುಬಂತು. ಇಂಥ ತಿದ್ದುಪಡಿಗಳೇ ಮುಖ್ಯ ಸುಳಿವು. ನಕಲು ಮಾಡುವವನ ಎದುರಿಗೆ ಸಿದ್ಧ ಚಿತ್ರವಿರುತ್ತದೆ, ಅವನಿಗೆ ಅನುಮಾನವಿರುವುದಿಲ್ಲ. ಮೊದಲ ಬಾರಿಗೆ ಯೋಚಿಸಿ ಬರೆಯುವವನು ಮಾತ್ರ ಮನಸ್ಸು ಬದಲಿಸುತ್ತಾನೆ.

ಇದೇ ವೇಳೆಗೆ, ಯಾವ ಸಂಬಂಧವೂ ಇಲ್ಲದೆ, ಇಟಲಿಯಲ್ಲಿ ಫ್ರಾಂಚೆಸ್ಕಾ ಕಪ್ಪೆಲ್ಲೆತ್ತಿ ಮತ್ತು ಲೌರಾ ತೆಸ್ತಾ ಎಂಬ ಇಬ್ಬರು ವಿದ್ಯಾರ್ಥಿನಿಯರು ರೆಕನಾತಿ ಎಂಬ ಊರಿನಲ್ಲಿ ಮತ್ತೆಯಿ ಮನೆತನದ ಹಳೆಯ ಲೆಕ್ಕಪತ್ರಗಳನ್ನು ಓದುತ್ತಿದ್ದರು. 1603ರ ಜನವರಿ 2ರಂದು ತೋಪಿನಲ್ಲಿ ಕ್ರಿಸ್ತನ ಬಂಧನದ ಚಿತ್ರಕ್ಕಾಗಿ ಕಾರವಾಜ್ಜೊ ಎಂಬ ಮಹಾ ಚಿತ್ರಗಾರನಿಗೆ ಚಿರಿಯಾಕೊ ಮತ್ತೆಯಿ 125 ಸ್ಕೂದಿ ಕೊಟ್ಟದ್ದು ಅದರಲ್ಲಿತ್ತು. ಮುಂದಿನ ತಲೆಮಾರುಗಳ ಪಟ್ಟಿಗಳಲ್ಲಿ ಅದೇ ಚಿತ್ರ ಮುಂದುವರಿಯುತ್ತದೆ. 18ನೇ ಶತಮಾನದ ಕೊನೆಗೆ ಯಾರದೋ ಅಜಾಗರೂಕತೆಯಿಂದ ಕರ್ತೃವಿನ ಜಾಗದಲ್ಲಿ ಹೊಂಟ್‌ಹೋರ್ಸ್ಟನ ಹೆಸರು ಬಿತ್ತು. 1802ರಲ್ಲಿ ಸ್ಕಾಟ್ಲೆಂಡಿನ ಶ್ರೀಮಂತನೊಬ್ಬ ಕೊಂಡದ್ದು ಆ ತಪ್ಪು ಹೆಸರಿನಲ್ಲಿಯೇ. ಅಲ್ಲಿಂದ ಡಬ್ಲಿನ್ನಿನ ಊಟದ ಕೋಣೆಗೆ ಬಂದದ್ದೂ ಅದೇ ಹೆಸರಿನಲ್ಲಿ. ಲೆಕ್ಕದ ಪುಸ್ತಕದ ದಾರಿಯೂ ಬಣ್ಣದ ದಾರಿಯೂ ಒಂದೇ ಬಾಗಿಲಿಗೆ ಬಂದು ನಿಂತವು. 1993ರ ನವೆಂಬರಿನಲ್ಲಿ ಚಿತ್ರವನ್ನು ಕಾರವಾಜ್ಜೊನ ಹೆಸರಿನಲ್ಲಿ ಲೋಕಕ್ಕೆ ತೋರಿಸಿದರು. ಲಾಂದ್ರ ಹಿಡಿದು ಇಣುಕುತ್ತಿರುವವನು ಸ್ವತಃ ಆ ಚಿತ್ರಗಾರನೇ ಎಂದು ಬಲ್ಲವರು ಹೇಳುತ್ತಾರೆ. ಗುರುಗಳು ಅದನ್ನು ಮಾರಲಿಲ್ಲ. ಎಲ್ಲರೂ ನೋಡಲೆಂದು ಚಿತ್ರಶಾಲೆಯಲ್ಲಿಯೇ ಎರವಲಾಗಿ ಇಟ್ಟಿದ್ದಾರೆ.

ಇದಕ್ಕೆ ಇನ್ನೊಂದು ಮಗ್ಗುಲೂ ಇದೆ. ಉಕ್ರೇನಿನ ಒಡೆಸ್ಸಾ ನಗರದ ವಸ್ತುಸಂಗ್ರಹಾಲಯದಲ್ಲಿದ್ದ ಇದೇ ದೃಶ್ಯದ ಚಿತ್ರವನ್ನು ಬಹುಕಾಲ ಅಲ್ಲಿಯವರು ಮೂಲವೆಂದೇ ಹೆಮ್ಮೆಪಟ್ಟಿದ್ದರು. ಡಬ್ಲಿನ್ನಿನ ಸಂಶೋಧನೆಯ ನಂತರ ಅದು ನಕಲೆಂಬ ಅಭಿಪ್ರಾಯ ಬಲವಾಯಿತು. ಸತ್ಯ ಒಂದು ಮನೆಗೆ ಸಿರಿ ತಂದರೆ ಇನ್ನೊಂದು ಮನೆಯಿಂದ ಕಸಿಯುತ್ತದೆ.

ನಮ್ಮ ಮನೆಯಿಂದಲೂ ಹಾಗೆ ಕಸಿದದ್ದುಂಟು. ಇದೇ ನಾವು ಹೇಳಿದ ಎರಡನೆಯ ಕಥೆ. ದರಿಯಾ ದೌಲತ್ತಿಗೆ ಹತ್ತಿರದ ಗಂಜಾಮಿನಲ್ಲಿರುವ ಪುಟ್ಟ ದೇವಾಲಯದ ಹೆಸರಿನೊಡನೆ ಅಬ್ಬೆ ದುಬುವಾ ಸ್ವಾಮಿಗಳ ಹೆಸರು ಬೆಸೆದುಕೊಂಡಿದೆ. ಪ್ಯಾರಿಸ್ಸಿನ ಪರದೇಶ ಮಿಷನ್ ಸಂಸ್ಥೆಯ ಈ ಗುರುಗಳು, 1799ರ ನಂತರ ಚದುರಿಹೋಗಿದ್ದ ಮೈಸೂರು ಸೀಮೆಯ ಕ್ರೈಸ್ತರನ್ನು ಒಗ್ಗೂಡಿಸಲು ಬಂದವರು. ಕಾವಿ ತೊಟ್ಟರು, ಸಸ್ಯಾಹಾರಿಗಳಂತೆ ಬಾಳಿದರು, ಹಾಸನ ಸೀಮೆಯ ಸಾತಹಳ್ಳಿಯಲ್ಲಿ ಬಡ ರೈತರಿಗೆ ನೆಲೆ ಕಲ್ಪಿಸಿದರು, ಸಿಡುಬಿನ ವಿರುದ್ಧ ದೇವಿ ಹಾಕಿಸುವ ಕೆಲಸದಲ್ಲಿ ಮುಂದೆ ನಿಂತರು. 1803–04ರಲ್ಲಿ 25 ಸಾವಿರಕ್ಕೂ ಹೆಚ್ಚು ಜನರಿಗೆ ದೇವಿ ಹಾಕಲಾಯಿತು. ಜನ ಅವರನ್ನು ದೊಡ್ಡಸ್ವಾಮಿಯವರು ಎಂದು ಕರೆದರು.

ಹಿಂದೂ ಜನರ ನಡೆನುಡಿ, ಆಚಾರಗಳನ್ನು ಕುರಿತು ಅವರ ಹೆಸರಿನಲ್ಲಿ ಬಂದ ಗ್ರಂಥ ಲೋಕಪ್ರಸಿದ್ಧ. ಅದರ ಹಸ್ತಪ್ರತಿಯನ್ನು 1807ರಲ್ಲಿ ಮದರಾಸಿನ ಸರ್ಕಾರ 2,000 ವರಹಗಳಿಗೆ ಕೊಂಡುಕೊಂಡಿತು. ಆಂಗ್ಲ ಅನುವಾದ 1816ರಲ್ಲಿ ಲಂಡನ್ನಿನಲ್ಲಿ ಅಚ್ಚಾಯಿತು. ಒಂದೂಮುಕ್ಕಾಲು ಶತಮಾನ ಕಾಲ ಯಾರೂ ಆ ಹೆಸರನ್ನು ಪ್ರಶ್ನಿಸಲಿಲ್ಲ. 1987ರಲ್ಲಿ ಸಿಲ್ವಿಯಾ ಮ್ಯೂರ್ ಎಂಬ ಫ್ರೆಂಚ್ ವಿದುಷಿ, ಲಂಡನ್ನಿನಲ್ಲಿದ್ದ ಒಂದು ಹಸ್ತಪ್ರತಿಯನ್ನು ಎದುರಿಗಿಟ್ಟು ಸಾಲು ಸಾಲಾಗಿ ಹೋಲಿಸಿ ತೋರಿಸಿದರು. ಅದು 1777ರಷ್ಟು ಹಿಂದೆ ದೆವೋ ಎಂಬ ಫ್ರೆಂಚ್ ಸೇನಾಧಿಕಾರಿ ಸಿದ್ಧಪಡಿಸಿದ್ದ ಪ್ರತಿ. ಅದರ ಮೂಲ, ಯೇಸುಸಭೆಯ ವಂದನೀಯ ಗಾಸ್ತೋನ್ ಲೊರಾನ್ ಕೇರ್ದೂ ಸ್ವಾಮಿಗಳ ಬರವಣಿಗೆ. ದುಬುವಾ ಅವರ ಗ್ರಂಥದ ಬಹುಭಾಗ ಆ ಬರವಣಿಗೆಯ ಮೇಲೆಯೇ ನಿಂತಿದೆ ಎಂಬುದು ಮ್ಯೂರ್ ಅವರ ನಿರ್ಣಯ. ಕೇರ್ದೂ ಸ್ವಾಮಿಗಳು ಸಾಮಾನ್ಯರಲ್ಲ. ಸಂಸ್ಕೃತಕ್ಕೂ ಗ್ರೀಕ್, ಲ್ಯಾಟಿನ್ ಭಾಷೆಗಳಿಗೂ ಇರುವ ನೆಂಟಸ್ತಿಕೆಯನ್ನು 1767ರಲ್ಲಿಯೇ ಬರೆದು ತಿಳಿಸಿದವರು. ಕೋರಮಂಡಲ ತೀರದ ಕುಶಲಕರ್ಮಿಗಳು ಬಟ್ಟೆಗೆ ಬಣ್ಣದ ಚಿತ್ರ ಬರೆಯುವ ವಿಧಾನವನ್ನು 1742ರಲ್ಲಿ ಪತ್ರದ ಮೂಲಕ ಫ್ರಾನ್ಸಿಗೆ ವಿವರಿಸಿದವರೂ ಅವರೇ.

ಇದನ್ನು ಕಳವು ಎನ್ನಬೇಕೇ? ನಮ್ಮ ಎಣಿಕೆಯಲ್ಲಿ ಆ ಮಾತು ಒರಟು. 1773ರಲ್ಲಿ ಜಗದ್ಗುರು ಹದಿನಾಲ್ಕನೆಯ ಕ್ಲೆಮೆಂಟರು ಯೇಸುಸಭೆಯನ್ನು ವಿಸರ್ಜಿಸಿದರು. ಅನಂತರ ಈ ಭಾಗದ ಮಿಷನ್ನಿನ ಹೊಣೆ ಪ್ಯಾರಿಸ್ಸಿನ ಸಂಸ್ಥೆಗೆ ಬಂತು. ಹಳಬರ ಕಾಗದಪತ್ರಗಳು ಹೊಸಬರ ಕೈಸೇರುವುದು ಸಹಜ. ಆ ಕಾಲದಲ್ಲಿ ಗುರುಗಳು ಒಬ್ಬರ ಟಿಪ್ಪಣಿಯನ್ನು ಇನ್ನೊಬ್ಬರು ಮುಂದುವರಿಸುವುದೂ ಅಪರೂಪವಾಗಿರಲಿಲ್ಲ. ಆದರೂ ಮೊದಲು ದುಡಿದವರ ಹೆಸರನ್ನು ಒಂದು ಸಾಲಿನಲ್ಲಾದರೂ ಹೇಳಬಹುದಾಗಿತ್ತು; ಹೇಳಲಿಲ್ಲ. ದೊಡ್ಡಸ್ವಾಮಿಯವರ ದೇವಿ ಹಾಕಿಸಿದ ಪುಣ್ಯ ಇದರಿಂದ ಕರಗುವುದಿಲ್ಲ. ಪುಸ್ತಕದ ಋಣ ಮಾತ್ರ ಕೇರ್ದೂ ಸ್ವಾಮಿಗಳಿಗೆ ಸಲ್ಲಬೇಕು. ಗಂಜಾಮಿಗೆ ಹೋಗುವ ನಮ್ಮ ಯಾತ್ರಿಕರಿಗೆ ಎರಡು ಹೆಸರನ್ನೂ ಹೇಳುವುದರಲ್ಲಿ ನಮಗೆ ಸಂಕೋಚವೇಕೆ?

ಕರ್ತೃವಿನ ಹೆಸರು ಕಳೆಯದೆ ಉಳಿದ ಚಿತ್ರವೂ ನಮ್ಮ ರಾಜ್ಯದಲ್ಲಿದೆ. ಮಂಗಳೂರಿನ ಸಂತ ಅಲೋಶಿಯಸ್ ಕಾಲೇಜಿನ ಪ್ರಾರ್ಥನಾಲಯದ ಗೋಡೆ ಮತ್ತು ಮಾಳಿಗೆಗಳನ್ನು ಚಿತ್ರಗಳಿಂದ ತುಂಬಿದವರು ಯೇಸುಸಭೆಯ ಸಹೋದರ ಆಂಟೋನಿಯೊ ಮೊಸ್ಕೇನಿ. ಇಟಲಿಯ ಬೆರ್ಗಾಮೊ ಬಳಿ 1854ರಲ್ಲಿ ಹುಟ್ಟಿ, ಅಲ್ಲಿಯ ಚಿತ್ರಶಾಲೆಯಲ್ಲಿ ಕಲಿತು, 19ನೇ ಶತಮಾನದ ಕೊನೆಗೆ ಮಂಗಳೂರಿಗೆ ಬಂದವರು. 1905ರಲ್ಲಿ ಕೊಚ್ಚಿಯಲ್ಲಿ ತೀರಿಕೊಂಡರು. ಗೋಡೆಗಳ ಮೇಲೆ ಹಸಿ ಗಾರೆಗೆ ಬಣ್ಣ ಕೂಡಿಸುವ ಫ್ರೆಸ್ಕೊ ವಿಧಾನ, ಮಾಳಿಗೆಗೆ ಬಟ್ಟೆಯ ಮೇಲೆ ಎಣ್ಣೆಬಣ್ಣ. ಕರಾವಳಿಯ ಮಳೆಯ ತೇವದಿಂದ ಕೆಟ್ಟಿದ್ದ ಇವನ್ನು 1991ರಿಂದ 1994ರವರೆಗೆ ಇನ್‌ಟ್ಯಾಕ್ ಸಂಸ್ಥೆಯ ಲಖ್ನೋ ಕೇಂದ್ರದ ತಜ್ಞರು ಸರಿಪಡಿಸಿದರು. ಅಲ್ಲಿ ಹೊಸ ಕೈ ಹಳೆಯ ಕೈಯನ್ನು ಮುಚ್ಚಲು ಹೋಗಲಿಲ್ಲ. ಉದುರಿದ ಕಡೆ ಮಾತ್ರ ತುಂಬಿ, ಉಳಿದುದನ್ನು ಇದ್ದಂತೆ ಬಿಡುವುದೇ ಈ ವೃತ್ತಿಯ ಧರ್ಮ. ಮುಂದೊಂದು ದಿನ ಬೇಕೆಂದರೆ ತೆಗೆದುಹಾಕಬಹುದಾದ ಬಣ್ಣವನ್ನೇ ಅವರು ಬಳಸುತ್ತಾರೆ. ನಮ್ಮ ಎನಾಮಲ್ಲಿಗೂ ಅದಕ್ಕೂ ಇರುವ ಅಂತರ ಇದೇ.

ಇನ್ನು ನಮ್ಮ ಮನೆಗಳ ಮಾತು. ಮದ್ದೂರಿನ ಓದುಗರೊಬ್ಬರು ತಮ್ಮ ಅಜ್ಜಿಯ ಕಾಲದ ಯೇಸುವಿನ ಪವಿತ್ರ ಹೃದಯದ ಪಟವನ್ನು ತಂದು ತೋರಿಸಿ, ಇದೂ ಯಾರಾದರೂ ದೊಡ್ಡವರು ಬರೆದದ್ದಿರಬಹುದೇ ಎಂದು ಕೇಳಿದರು. ಭೂತಗನ್ನಡಿ ಹಿಡಿದಾಗ ಸಣ್ಣ ಸಣ್ಣ ಬಣ್ಣದ ಚುಕ್ಕಿಗಳು ಕಂಡವು. ಅಂದರೆ ಅಚ್ಚಿನ ಪಟ. ಅವರಿಗೆ ಕೊಂಚ ನಿರಾಶೆಯಾಯಿತು. ಆದರೆ ಹಿಂಬದಿಯಲ್ಲಿ ಅವರ ತಾತನವರು ಮಕ್ಕಳ ಜ್ಞಾನಸ್ನಾನದ ದಿನಗಳನ್ನು ಪೆನ್ಸಿಲಿನಲ್ಲಿ ಬರೆದಿಟ್ಟಿದ್ದರು. ಹೊಸ ಚೌಕಟ್ಟು ಹಾಕಿಸುವಾಗ ಆ ಕಾಗದವನ್ನು ಎಸೆಯಬೇಡಿರೆಂದು ಕೇಳಿಕೊಂಡೆವು. ನಮ್ಮ ಧರ್ಮಕೇಂದ್ರಗಳ ಹಿರಿಯರಲ್ಲಿಯೂ ಇದೇ ಬಿನ್ನಹ: ಹಬ್ಬಕ್ಕೆಂದು ಹಳೆಯ ಪಟ ಅಥವಾ ಸ್ವರೂಪಕ್ಕೆ ಬಣ್ಣ ಹಚ್ಚಿಸುವ ಮೊದಲು ಹಿಂದುಮುಂದು ಎರಡೂ ಕಡೆ ಛಾಯಾಚಿತ್ರ ತೆಗೆಸಿರಿ, ನೀರು, ಸಾಬೂನು, ಎಣ್ಣೆ ಮುಟ್ಟಿಸಬೇಡಿರಿ, ಮೆತ್ತನೆಯ ಕುಂಚದಿಂದ ಧೂಳು ಕೊಡವಿದರೆ ಸಾಕು. ದೇವಾಲಯದ ಹಳೆಯ ಜಮಾಖರ್ಚಿನ ಪುಸ್ತಕಗಳನ್ನು ಗೆದ್ದಲಿಗೆ ಬಿಡಬೇಡಿರಿ. ಮತ್ತೆಯಿ ಮನೆತನದ ಪುಸ್ತಕ ಗೆದ್ದಲಿನ ಪಾಲಾಗಿದ್ದರೆ ಡಬ್ಲಿನ್ನಿನ ಗುರುಗಳು ಇಂದಿಗೂ ತಪ್ಪು ಹೆಸರಿನ ಕೆಳಗೇ ಊಟ ಮಾಡುತ್ತಿದ್ದರು.

ನಮ್ಮ ಸಂತ ಜೋಸೆಫರ ಪಟ ಈಗಲೂ ಅದೇ ಜಾಗದಲ್ಲಿದೆ. ಎನಾಮಲ್ಲಿನ ಕೆಳಗೆ ಹಳೆಯ ಬಣ್ಣ ಉಳಿದಿರಬಹುದು, ತಜ್ಞರೊಬ್ಬರು ಬಂದು ನೋಡಬೇಕಷ್ಟೆ. ಆ ಊರಿನ ವೃದ್ಧೆಯೊಬ್ಬರು ಕಳೆದ ಹಬ್ಬದಂದು ಪಟದ ಮುಂದೆ ಮೇಣದ ಬತ್ತಿ ಹಚ್ಚಿ, ನಮ್ಮ ಕಡೆ ತಿರುಗಿ, "ಮೊದಲು ಈ ಮುಖ ಇರಲಿಲ್ಲ ಕಣಪ್ಪ, ಕಣ್ಣು ಕೆಳಗೆ ನೋಡ್ತಿತ್ತು, ಮಗುವಿನ ಕಡೆ" ಎಂದರು. 1855ರ ಆ ಚಿತ್ರಗಾರನ ಬಳಿಯೂ ಇದ್ದದ್ದು ಇಂಥ ನೆನಪೇ. ಮುಂದಿನ ಭಾನುವಾರ ಬಲಿಪೂಜೆಯ ನಂತರ ನೋಟ್‌ಬುಕ್ಕು ಹಿಡಿದು ಅವರ ಮನೆಗೆ ಹೋಗುವವರಿದ್ದೇವೆ.